ಕಾಟವ್ವನ ಮುಷ್ಟಿ, ಕೆಂದಿಯ ಹೊಟ್ಟೆ

ಭೂಮಿ ಹುಟ್ಟಿದ ಒದ್ದೆ ಇನ್ನೂ ಆರಿರಲಿಲ್ಲ, ಅಂಥ ಕಾಲ. ಆಗ ಹಸುವಿನ ಹೊಟ್ಟೆಗೆ ತಾನಾಗಿ ಅಲುಗಾಡಲು ಬರುತ್ತಿರಲಿಲ್ಲ. ಹೌದು ಕಣ್ರೋ, ನಗಬೇಡಿ! ತಿಂದ ಹುಲ್ಲು ತಿಂದಲ್ಲೇ ಕೂತು ಹೊಟ್ಟೆ ಉಬ್ಬಿಬಿಡುತ್ತಿತ್ತು.

ಅದಕ್ಕೇ ದನ ಕಾಯುವ ಕಾಟವ್ವ, ತನಗಿದ್ದ ಒಂದೇ ಹಸು ಕೆಂದಿಯ ಎಡಪಕ್ಕೆಗೆ ಮುಷ್ಟಿಯೂರಿ ನಾದುತ್ತಿದ್ದಳು. ನಾದಿದರೆ ಹುಲ್ಲು ತಿರುಗುತ್ತಿತ್ತು, ತುತ್ತು ಬಾಯಿಗೆ ಬರುತ್ತಿತ್ತು, ಕೆಂದಿ ಮೆಲುಕು ಹಾಕುತ್ತಿತ್ತು. ನಾದುವುದೇ ನಾದುವುದು. ಪಾಪ, ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ! ನಿದ್ದೆಯಲ್ಲೂ ಅವಳ ಕೈ ಆಡುತ್ತಲೇ ಇರುತ್ತಿತ್ತು.

ಒಂದು ಮಧ್ಯಾಹ್ನ ಕೆಂದಿಗೆ ಕರು ಹಾಕುವ ನೋವು ಬಂತು. ಕರುವಿನ ಕಾಲು ಕಂಡಿತು, ಕರು ಬರಲಿಲ್ಲ. ಎಳೆಯಲು ಎರಡೂ ಕೈ ಬೇಕು. ಹೊಟ್ಟೆಯಿಂದ ಕೈ ತೆಗೆದರೆ ತಾಯಿ ಉಳಿಯುವುದಿಲ್ಲ. ತೆಗೆಯದಿದ್ದರೆ ಕರು ಉಳಿಯುವುದಿಲ್ಲ.

"ಅಯ್ಯೋ, ಯಾರಾದರೂ ಬನ್ರಪ್ಪೋ!" ಎಂದು ಕಾಟವ್ವ ಕೂಗಿದಳು.

ಮೋಡದಲ್ಲಿದ್ದ ಮಿಂಚು ಕೇಳಿಸಿಕೊಂಡಿತು. "ಅಳಬೇಡ ಕಣವ್ವಾ, ನನ್ನದೊಂದು ಎಳೆ ಕೊಡ್ತೀನಿ" ಎಂದಿತು. ಕೆಂದಿಯ ತಲೆಯಿಂದ ಹೊಟ್ಟೆಯವರೆಗೆ ಬಿಳಿಯ ಎಳೆಯೊಂದನ್ನು ಇಳಿಬಿಟ್ಟಿತು. ಎಳೆ ಕೂಗಿತು: "ಏಳು, ತಿರುಗು! ಏಳು, ತಿರುಗು!"

ಹೊಟ್ಟೆ ಎದ್ದಿತು. ಆದರೆ ಮಿಂಚಿಗೆ ತಾಳ್ಮೆ ಎಲ್ಲಿಂದ ಬರಬೇಕು? ಹೊಟ್ಟೆ ದಡಬಡ ಕುಣಿಯಿತು. ಅರೆಬರೆ ಹುಲ್ಲೆಲ್ಲ ಕರುಳಿಗೆ ಓಡಿತು. ಕೆಂದಿ ಗಡಗಡ ನಡುಗಿತು.

"ಸಾಕು ಮಾರಾಯ, ಕೊಂದುಬಿಡ್ತೀಯಾ?" ಎಂದು ಪಕ್ಕದ ಹಳ್ಳ ಮಿಂಚಿಗೆ ಗದರಿತು. "ನಿಧಾನ ಅನ್ನೋದು ನನಗೆ ಗೊತ್ತು ಕಾಟವ್ವಾ. ನನ್ನ ಮಾತನ್ನ ಕೆಂದಿಯ ರಕ್ತದಲ್ಲಿ ಬೆರೆಸ್ತೀನಿ. ಕರುಳು ತುಂಬಿದಾಗ ಅದು ಹರ್ಕೊಂಡು ಬಂದು, ತಡಿ, ಮೆಲ್ಲಗೆ ಅಂತ ಹೊಟ್ಟೆಗೆ ಹೇಳುತ್ತೆ. ಇನ್ನು ಕೈ ತೆಗಿ."

ಹಳ್ಳದ ಮಾತು ರಕ್ತಕ್ಕೆ ಇಳಿಯಿತು, ಕೆಂದಿಯ ನಡುಕ ನಿಂತಿತು. ಕಾಟವ್ವ ಕಣ್ಣು ಮುಚ್ಚಿ ಕೈ ತೆಗೆದಳು, ಎರಡೂ ಕೈಯಿಂದ ಕರುವನ್ನು ಎಳೆದಳು. ಬಂತು! ಒದ್ದೆ ಕರು ಹುಲ್ಲಿನ ಮೇಲೆ ಬಿದ್ದು ಸೀನಿತು. ಕೆಂದಿ ತಿರುಗಿ ಅದನ್ನು ನೆಕ್ಕತೊಡಗಿತು.

ಆಮೇಲೆ ಕಾಟವ್ವ ಹೆದರುತ್ತಾ ಹೆದರುತ್ತಾ ಮುಷ್ಟಿಯನ್ನು ಎಡಪಕ್ಕೆಗೆ ಇಟ್ಟಳು. ನಾದಲಿಲ್ಲ, ಸುಮ್ಮನೆ ಇಟ್ಟಳು. ಒಳಗಿನಿಂದ ಏನೋ ಮೆಲ್ಲಗೆ ಎದ್ದು ಬಂದು ಅವಳ ಕೈಯನ್ನೇ ಮೇಲಕ್ಕೆ ತಳ್ಳಿತು. ಇಳಿಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಳ್ಳಿತು.

"ಅಬ್ಬಬ್ಬಾ, ಎಂಥಾ ಸೋಜಿಗವೋ ನನ್ನವ್ವಾ!" ಎಂದಳು ಕಾಟವ್ವ. ಅಲ್ಲೇ ಕೂತು ಗಳಗಳ ಅತ್ತಳು.

ಇವತ್ತಿಗೂ ಹಸು ಮಂಕಾದರೆ, ದನ ಕಾಯುವವರು ಎಡಪಕ್ಕೆಗೆ ಮುಷ್ಟಿಯಿಟ್ಟು ನಿಂತಿರುತ್ತಾರೆ, ನೋಡಿದ್ದೀರಲ್ಲ? ಹೊಟ್ಟೆ ಒಳಗಿನಿಂದ ಕೈಯನ್ನು ತಳ್ಳಿದ ಮೇಲೆಯೇ ಅವರ ಮುಖದಲ್ಲಿ ನಗು ಕಾಣುವುದು.