ಮೂರು ಸಲ ತುಳಿದರೆ ನಿಲ್ಲುವ ಗಾಡಿ

"ನಮ್ಮ ದೋಷ ನಮಗೆ ಗೊತ್ತಿದ್ರೆ ಸಾಲ್ದಾ ಬುದ್ಧಿ? ತಿದ್ಕೊಳ್ಳಲೇಬೇಕಾ?" ಎಂದು ಶಿಷ್ಯನೊಬ್ಬ ಗುರುಗಳನ್ನು ಕೇಳಿದ.

ಶಿಷ್ಯನ ಹೆಸರು ಚನ್ನಮಲ್ಲಪ್ಪ. ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳಿರುವ ಸಂಸಾರಸ್ಥ. ಸೋಮವಾರ ತಪ್ಪದೆ ಮಠಕ್ಕೆ ಬರುತ್ತಿದ್ದ. ಸಿಟ್ಟು ಅವನಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದನ್ನು ಅವನೇನೂ ಮುಚ್ಚಿಡುತ್ತಿರಲಿಲ್ಲ.

"ನನ್ ಕ್ವಾಪ ನಂಗೆ ಗೊತ್ತು," ಎಂದ. "ಮನೇವ್ರಿಗೂ ಗೊತ್ತು. ಯಾವಾಗ ಬತ್ತದೆ, ಯಾವಾಗ ಇಳೀತದೆ ಅಂತ ಎಲ್ರೂ ತಿಳ್ಕಂಡವ್ರೆ. ನಮ್ಮನೇಲಿ ಜಗಳ ಅನ್ನೋದೇ ಇಲ್ಲ ಬುದ್ಧಿ. ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರಲ್ಲ, ಹೊಂದ್ಕಂಡು ಹೋದ್ರೆ ಆಯ್ತಲ್ವಾ?"

ಗುರುಗಳು ಕಾವಿ ಉಡುವ ಮೊದಲು ಹದಿನಾಲ್ಕು ವರ್ಷ ಲಾರಿ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದಿದ್ದವರು. ಶಾಸ್ತ್ರಕ್ಕಿಂತ ಗಾಡಿಗಳ ಕತೆಯೇ ಅವರ ಬಾಯಿಗೆ ಬೇಗ ಬರುತ್ತಿತ್ತು. ಅವನಿಗೆ ಕೂರಲು ಹೇಳಿ ಈ ಕತೆ ಹೇಳಿದರು.

ಬೆಟ್ಟದ ಮೇಲಿನ ಒಂದು ಊರಿನಲ್ಲಿ ಒಬ್ಬ ಚಾಲಕನಿದ್ದ. ಅವನ ಹತ್ತಿರ ಒಂದು ಹಳೆಯ ಪಿಕಪ್ ಗಾಡಿ ಇತ್ತು. ಭಾರ ಹೊರುವುದರಲ್ಲಿ ಅದು ಗಟ್ಟಿ. ಒಂದೂವರೆ ಟನ್ ಬಾಳೆಗೊನೆ ಹೇರಿದರೂ ಗೊಣಗದೆ ಬೆಟ್ಟ ಇಳಿಯುತ್ತಿತ್ತು. ಆದರೆ ವಯಸ್ಸಾಗಿತ್ತು. ವಯಸ್ಸಾದ ಗಾಡಿಗೆ ಬರಬೇಕಾದ ಕಾಯಿಲೆಗಳೆಲ್ಲ ಬಂದಿದ್ದವು.

ಬ್ರೇಕನ್ನು ಒಂದು ಸಲ ತುಳಿದರೆ ಪೆಡಲು ತಳಕ್ಕೆ ಹೋಗುತ್ತಿತ್ತು, ಗಾಡಿ ನಿಲ್ಲುತ್ತಿರಲಿಲ್ಲ. ಮೂರು ಸಲ ತುಳಿದರೆ ಹಿಡಿಯುತ್ತಿತ್ತು. ಇಳಿಜಾರಿನಲ್ಲಿ ಎರಡನೇ ಗೇರು ತಾನಾಗಿಯೇ ಕಳಚಿಕೊಳ್ಳುತ್ತಿತ್ತು, ಎಡಗೈಯಲ್ಲಿ ಅದನ್ನು ಒತ್ತಿ ಹಿಡಿಯಬೇಕಿತ್ತು. ಸ್ಟೇರಿಂಗನ್ನು ಒಂದು ಗೇಣು ತಿರುಗಿಸಿದ ಮೇಲಷ್ಟೇ ಚಕ್ರ ತಿರುಗುತ್ತಿತ್ತು. ಡೀಸೆಲ್ ಟ್ಯಾಂಕಿನ ಬಿರುಕಿಗೆ ಸೋಪು ಮೆತ್ತಿದ್ದ. ಹ್ಯಾಂಡ್ ಬ್ರೇಕಿನ ಕೆಲಸವನ್ನು ಒಂದು ಕಲ್ಲು ಮಾಡುತ್ತಿತ್ತು.

ಪೇಟೆಯ ಮೆಕ್ಯಾನಿಕ್ ಕಂಡಾಗಲೆಲ್ಲ ಹೇಳುತ್ತಿದ್ದ. "ಬ್ರೇಕಿನ ಸಿಲಿಂಡ್ರು ಕೆಲ್ಸ ಮುಗುಸ್ಬುಟ್ಟದೆ ಕಣಣ್ಣ. ಒಂದ್ ದಿನ ಗಾಡಿ ಬುಟ್ಟೋಗು, ಹೊಸದು ಹಾಕ್ಕೊಡ್ತೀನಿ."

ಚಾಲಕ ನಗುತ್ತಿದ್ದ. "ಇದ್ರ ಗುಣ ನಂಗೊತ್ತು ಬುಡಪ್ಪ. ಬ್ಯಾರೇವ್ರ ಕೈಗೆ ಇದು ಬಗ್ಗಾಕಿಲ್ಲ."

ಅದು ಸುಳ್ಳಲ್ಲ. ಹನ್ನೊಂದು ವರ್ಷದಲ್ಲಿ ಅವನು ಆ ಗಾಡಿಯನ್ನು ಒಂದು ಬೇಲಿಗೂ ತಾಗಿಸಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಅದರ ಒಂದೊಂದು ಕಾಯಿಲೆಯನ್ನೂ ಅವನು ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ವಾರಕ್ಕೊಮ್ಮೆ ಸಂತೆಗೆ ಹೋಗುವಾಗ ಹೆಂಡತಿ ಪಕ್ಕದಲ್ಲಿ ಕೂರುತ್ತಿದ್ದಳು. ಬೆಟ್ಟ ಇಳಿದು ಮುಗಿಯುವವರೆಗೂ ಅವಳು ತುಟಿ ಬಿಚ್ಚುತ್ತಿರಲಿಲ್ಲ. ಇವಳು ಮಾತು ಕಡಿಮೆಯವಳು ಎಂದು ಅವನು ತಿಳಿದಿದ್ದ.

ಒಂದು ಬೆಳಿಗ್ಗೆ ತೋಟದಲ್ಲಿ ಗೊನೆ ಎತ್ತುವಾಗ ಅವನ ಕೈಗೆ ನಾಗರಹಾವು ಕಚ್ಚಿತು. ಅವನನ್ನು ರಸ್ತೆಗೆ ಎತ್ತಿ ತರುವಷ್ಟರಲ್ಲೇ ಅರ್ಧ ಗಂಟೆ ಕಳೆಯಿತು. ಆಸ್ಪತ್ರೆ ಇದ್ದದ್ದು ಬೆಟ್ಟದ ಕೆಳಗೆ. ನಡುವೆ ಹತ್ತೊಂಬತ್ತು ತಿರುವುಗಳ ಇಳಿಜಾರು. ಊರಿನಲ್ಲಿ ಇದ್ದದ್ದು ಅದೊಂದೇ ಗಾಡಿ.

ಹೆಂಡತಿಯ ತಮ್ಮ ಅಕ್ಕನ ಮನೆಗೆ ಬಂದಿದ್ದ. ಬಯಲುಸೀಮೆಯಲ್ಲಿ ಬಸ್ಸು ಓಡಿಸುವವನು, ಕೈ ಪಳಗಿದವನು. ಅವನೇ ಸ್ಟೇರಿಂಗ್ ಹಿಡಿದ. ಚಾಲಕನನ್ನು ನಡುವೆ ಕೂರಿಸಿಕೊಂಡು ಹೆಂಡತಿ ಬಾಗಿಲ ಕಡೆ ಕೂತಳು.

ವಿಷಕ್ಕೆ ಹೆದರುವ ಮೊದಲೇ ಚಾಲಕ ತನ್ನ ಗಾಡಿಗೆ ಹೆದರಿದ. ಹೇಳಬೇಕಾದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳತೊಡಗಿದ. ಬ್ರೇಕು ಮೂರು ಸಲ ತುಳಿ, ಗೇರು ಒತ್ತಿ ಹಿಡಿ, ಸ್ಟೇರಿಂಗು ಮೊದಲೇ ತಿರುಗಿಸು. ಹನ್ನೊಂದು ವರ್ಷ ಕೈಕಾಲು ಕಲಿತದ್ದನ್ನು ಬಾಯಲ್ಲಿ ಹೇಳಲು ಹೋದರೆ ಒಂದು ಹೇಳುವಷ್ಟರಲ್ಲಿ ಇನ್ನೊಂದು ತಪ್ಪಿಹೋಗುತ್ತಿತ್ತು. ಮೊದಲ ತಿರುವಿನಲ್ಲಿ ಭಾವಮೈದುನ ತನ್ನ ರೂಢಿಯಂತೆ ಒಂದೇ ಸಲ ತುಳಿದ. ಪೆಡಲು ತಳ ಮುಟ್ಟಿತು. ಗಾಡಿ ತಡೆಗೋಡೆಯನ್ನು ಸವರಿಕೊಂಡು ಮುಂದೆ ಹೋಯಿತು.

"ಏನ್ ಭಾವ ಈ ಗಾಡಿ," ಎಂದ.

ನಾಲ್ಕನೇ ತಿರುವಿನ ಹೊತ್ತಿಗೆ ಚಾಲಕನ ನಾಲಿಗೆ ದಪ್ಪವಾಯಿತು. ಆಡಿದ ಮಾತು ಬರೀ ಸದ್ದಾಗಿ ಹೊರಬಂತು. ರೆಪ್ಪೆಗಳು ತಾವಾಗಿಯೇ ಇಳಿದವು. ಐದನೇ ತಿರುವು ಎಲ್ಲಕ್ಕಿಂತ ಕಡಿದು. ಅದರಾಚೆ ತಡೆಗೋಡೆ ಇಲ್ಲ. ಅದು ಅವನಿಗೆ ಗೊತ್ತು, ಓಡಿಸುವವನಿಗೆ ಗೊತ್ತಿಲ್ಲ. ಹೇಳಲು ಬಾಯಿ ಬರುತ್ತಿಲ್ಲ. ನಾನು ಸತ್ತರೂ ಸರಿ, ಇವರಿಬ್ಬರನ್ನೂ ಕೊಲ್ಲುತ್ತಿದ್ದೇನಲ್ಲ ಎಂದು ಅವನು ಒಳಗೊಳಗೇ ಬೆಂದುಹೋದ.

ಆಗ ಹೆಂಡತಿ ಬಾಯಿ ಬಿಟ್ಟಳು.

"ಮುಂದ್ಲದು ಕಡ್ದು ತಿರುವು ಕಣಪ್ಪ. ಈಗ್ಲೇ ತುಳಿ. ಒಂದು. ಎಲ್ಡು. ಮೂರು. ನೋಡು, ಇಡ್ಕಂತು. ಗೇರ್ ಮ್ಯಾಲಿಂದ ಕೈ ತಗೀಬ್ಯಾಡ. ಸುಣ್ಣ ಬಳ್ದಿರೋ ಕಲ್ಲು ಕಾಣ್ತಿದ್ದಂಗೇ ತಿರುಗ್ಸು."

ಗಾಡಿ ತಿರುಗಿತು. ಮುಂದಿನ ತಿರುವಿಗೂ ಅವಳು ಹೇಳಿದಳು, ಅದರ ಮುಂದಿನದಕ್ಕೂ ಹೇಳಿದಳು. ಐದರಿಂದ ಹತ್ತೊಂಬತ್ತರವರೆಗೆ ಒಂದನ್ನೂ ಮರೆಯಲಿಲ್ಲ. ಅವಳು ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಿದವಳಲ್ಲ. ಇದನ್ನೆಲ್ಲ ಇವಳಿಗೆ ಯಾರು ಕಲಿಸಿದರು ಎಂದು ಚಾಲಕನಿಗೆ ತಿಳಿಯಲಿಲ್ಲ.

ಅವನ ತಲೆ ಅವಳ ಮಡಿಲಿಗೆ ವಾಲಿತ್ತು. ಅರೆಗಣ್ಣಿಗೆ ಅವಳ ಬಲಗಾಲು ಕಂಡಿತು. ಅವಳು ಒಂದು ಎಂದಾಗ ಆ ಕಾಲು ನೆಲವನ್ನು ಒತ್ತುತ್ತಿತ್ತು. ಎರಡು ಎಂದಾಗ ಒತ್ತುತ್ತಿತ್ತು, ಮೂರು ಎಂದಾಗ ಒತ್ತುತ್ತಿತ್ತು. ಅಲ್ಲಿ ಪೆಡಲು ಇರಲಿಲ್ಲ. ನೆಲಕ್ಕೆ ಹಾಸಿದ ರಬ್ಬರು ಅವಳ ಪಾದದಷ್ಟಗಲ ಸವೆದು ತಗಡು ಕಾಣುತ್ತಿತ್ತು. ಆ ರಬ್ಬರನ್ನು ಅವನು ಎರಡು ಸಲ ಬದಲಾಯಿಸಿದ್ದ. ಇಷ್ಟು ಬೇಗ ಸವೆಯುವ ಮಾಲು ಮಾರುತ್ತೀಯಲ್ಲ ಎಂದು ಅಂಗಡಿಯವನನ್ನು ಬೈದೂ ಬಂದಿದ್ದ.

ಹನ್ನೊಂದು ವರ್ಷ, ಪ್ರತಿ ಸಂತೆಯ ದಿನ, ಅವನು ಬ್ರೇಕು ತುಳಿದಾಗಲೆಲ್ಲ ಅವಳೂ ತುಳಿದಿದ್ದಳು. ಅವನು ಹಾಡು ಗುನುಗಿಕೊಂಡು ಇಳಿಸಿದ ಗಾಡಿಯಲ್ಲಿ ಅವಳು ಒಂದು ದಿನವೂ ನಿಶ್ಚಿಂತೆಯಿಂದ ಕೂತಿರಲಿಲ್ಲ. ಚಾಲಕನಿಗೆ ಅಳು ಬಂತು. ಅಳಲು ಮುಖ ಅಲುಗಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನಮಲ್ಲಪ್ಪ ತಡೆಯಲಾರದೆ ಕೇಳಿದ. "ಬದುಕುದ್ನಾ ಬುದ್ಧಿ?"

ಬದುಕಿದ, ಎಂದರು ಗುರುಗಳು. ಆಸ್ಪತ್ರೆ ತಲುಪಿದಾಗ ಉಸಿರು ಇನ್ನೂ ಇತ್ತು, ಔಷಧ ಹಿಡಿಯಿತು. ಎದ್ದು ಓಡಾಡುವಂತಾದ ದಿನವೇ ಗಾಡಿಯನ್ನು ಮೆಕ್ಯಾನಿಕ್ಕಿನ ಹತ್ತಿರ ಬಿಟ್ಟ. ಬ್ರೇಕು ಹೊಸದಾಯಿತು, ಗೇರು ರಿಪೇರಿಯಾಯಿತು. ಮುಂದಿನ ಸಂತೆಗೆ ಗಂಡಹೆಂಡಿರು ಬೆಟ್ಟ ಇಳಿದರು. ಪ್ರತಿ ತಿರುವಿನಲ್ಲೂ ಗಾಡಿ ಒಂದೇ ತುಳಿತಕ್ಕೆ ಹಿಡಿಯಿತು. ಅವಳ ಕಾಲು ಮಾತ್ರ ಮೂರು ಸಲ ಒತ್ತುತ್ತಲೇ ಇತ್ತು.

"ಪಾಪ," ಎಂದ ಚನ್ನಮಲ್ಲಪ್ಪ. "ಆ ಹೆಣ್ಮಗಳು ಒಂದ್ ಮಾತು ಮೊದ್ಲೇ ಹೇಳ್ಬಾರ್ದಾಗಿತ್ತಾ?"

ಅದಕ್ಕೆ ಗುರುಗಳು ಕೇಳಿದ್ದು ಒಂದೇ ಮಾತು.

"ಬಾಗಿಲಲ್ಲಿ ನೀನು ಚಪ್ಪಲಿ ಬಿಡೋ ಸದ್ದು ಕೇಳಿದಾಗ ನಿನ್ನ ಮನೇಲಿ ಯಾರ್ಯಾರ ಮಾತು ನಿಲ್ಲುತ್ತೆ?"