ಇಲಿ ಆನೇನ ಎತ್ತಿದ್ದು

ಆಷಾಢ ಶುದ್ಧ ದಶಮಿ, ಮಂಗಳವಾರ. ಬೆಳಗಿನಿಂದ ಒಣಗಾಳಿ, ಮೋಡ ಬಂದ ಹಾಗೆ ಮಾಡಿ ಹೋಗ್ತಿತ್ತಂತೆ. ಯಾವ ವರ್ಷ ಅಂತ ಕೇಳಬೇಡ ಚಿಮ್ಮು, ಒಂದಾನೊಂದು ಕಾಲದಲ್ಲಿ ಅಂದ್ಕೋ. ಕಾಲು ಒದರಬೇಡ, ಹೊದಿಕೆ ಜಾರುತ್ತೆ.

ಅವತ್ತು ಬೊಂಬೆ ಮಾಡೋ ಮುದ್ದಕ್ಕನ್ನ ಪಾಳೇಗಾರ ಕರೆಸಿದನಂತೆ. ಅವನಿಗೆ ಒಬ್ಬಳೇ ಮಗಳು, ಕೆಂಚಾಜಿ. ಐಗಳು ಪಾಠಕ್ಕೆ ಬಾಯಿ ತೆಗೆದರೆ ಕಿಟಕಿ ಹಾರಿ ಓಡೋಳು. ಪಾಳೇಗಾರ, ಮುಂದೆ ಕೆರೆ ತೂಬಿನ ಕಲ್ಲು ಎತ್ತಿಸಬೇಕಾದೋಳು ಇವಳು, ಸನ್ನೆಕೋಲು ಭಾರ ಹೇಗೆ ಎತ್ತುತ್ತೆ ಅಂತ ಆಟದಲ್ಲೇ ತಿಳೀಬೇಕು, ಅಂಥ ಬೊಂಬೆ ಮಾಡು, ಮೂರು ಸಲ ನೋಡ್ತೀನಿ, ಆಗಲಿಲ್ಲ ಅಂದ್ರೆ ನಿನ್ನ ಉಳಿ ನನ್ನದು ಅಂದನಂತೆ. ಆ ಉಳಿ ಮುದ್ದಕ್ಕನ ಅವ್ವ ಸಾಯೋವಾಗ ಕೊಟ್ಟಿದ್ದು. ಬೊಂಬೆ ಮಾಡೋರಲ್ಲಿ ಒಬ್ಬರ ಉಳೀನ ಇನ್ನೊಬ್ಬರು ಮುಟ್ಟೋ ಹಾಗಿಲ್ಲ.

ಅವತ್ತಿಂದ ಮುದ್ದಕ್ಕ ಕೂತಲ್ಲಿ ಕೂರಲಿಲ್ಲ, ಅನ್ನ ಸೀದರೂ ಗೊತ್ತಾಗಲಿಲ್ಲವಂತೆ. ಆಮೇಲೆ ಒಂದು ಹಲಗೆ, ಈ ತುದೀಲಿ ಆನೆ, ಆ ತುದೀಲಿ ಇಲಿ, ಕೆಳಗೆ ಆನೆ ಹತ್ತಿರಕ್ಕೆ ಒಂದು ಮರದ ದಿಂಡು ಇಟ್ಟು, ಇಲಿ ಆನೇನ ಎತ್ತೋ ಹಾಗೆ ಮಾಡಿದಳಂತೆ. ಅರಗಿನ ಬಣ್ಣ ಹಚ್ಚಿ, ಕೇದಗೆ ಎಲೇಲಿ ಉಜ್ಜಿ, ಕನ್ನಡಿ ಹಾಗೆ ಹೊಳೆಸಿದಳಂತೆ. ಪಾಳೇಗಾರನ ಹೆಂಡತಿ ನೋಡಿ, ಅಯ್ಯೋ, ಇದನ್ನ ಮಕ್ಕಳ ಕೈಗೆ ಕೊಡ್ತಾರಾ ಅಂತ ಗೂಡಲ್ಲಿ ಇಟ್ಟುಬಿಟ್ಟಳಂತೆ.

ಎರಡನೇದಕ್ಕೆ ಬಣ್ಣ ಕಮ್ಮಿ ಮಾಡಿ, ಏನೂ ಕಿತ್ತು ಬರದ ಹಾಗೆ ಅಂಟು ಹಾಕಿ ತಂದಳಂತೆ. ಆನೇನ ಒತ್ತಿ ಬಿಟ್ಟರೆ ಇಲಿ ಮತ್ತೆ ಎತ್ತೋದು. ಕೆಂಚಾಜಿ ಎರಡು ಸಲ ಒತ್ತಿ, ಇಲಿಗೆ ಗೊತ್ತಲ್ಲ, ನಂಗ್ಯಾಕೆ ಅಂತ ಓಡಿದಳಂತೆ. ಪಾಳೇಗಾರ, ಮೂರನೇದು ತೋರಿಸದೆ ನೀನು ಊರು ಬಿಟ್ಟು ಹೋದರೆ ಅಂತ, ಉಳೀನ ಆಗಲೇ ಇಸ್ಕೊಂಡನಂತೆ.

ಉಳಿ ಇಲ್ಲದೆ ಏನು ಮಾಡ್ತಾಳೆ? ಇಡೀ ದಿನ ಅಂಗಳ ತುಳಿದಳು. ಆಮೇಲೆ ಅಂಟನ್ನ ಬಿಸಿನೀರಲ್ಲಿ ನೆನೆಸಿ, ಅದೇ ಆನೆ, ಅದೇ ಇಲೀನ ಕಿತ್ತು, ಬರೀ ಹಲಗೆ, ಬರೀ ದಿಂಡಿನ ಜೊತೆ ಹೊತ್ಕೊಂಡು ಹೋಗಿ ಕೆಂಚಾಜಿ ಮುಂದೆ ಸುರಿದು, ಪಕ್ಕಕ್ಕೆ ಸರಿದಳಂತೆ.

ಇದೇನಕ್ಕ, ಸೌದೆ ತಂದ್ಯಾ? ಅಲ್ಲೇ ಇದ್ದ ಪಾಳೇಗಾರನ ಮಂತ್ರಿ ನಕ್ಕ. ಕೆಂಚಾಜಿ ದಿಂಡನ್ನ ನಡುವೆ ಇಟ್ಟು, ಈ ತುದೀಲಿ ಇಲಿ ಕೂರಿಸಿ, ಆ ತುದೀಲಿ ಆನೇನ ಕುಕ್ಕಿದಳು ನೋಡು, ಇಲಿ ಹಾರಿ ಮಂತ್ರಿ ರುಮಾಲಿನ ಮೇಲೆ ಬಿತ್ತಂತೆ! ಆಮೇಲೆ ದಿಂಡು ಇತ್ತ ಸರಿಸಿದಳು, ಅತ್ತ ಸರಿಸಿದಳು, ಊಟಕ್ಕೆ ಕರೆದರೂ ಏಳಲಿಲ್ಲ. ದಿಂಡು ಜಾರ್ತಾನೇ ಇತ್ತು. ಒಳಗೆ ಓಡಿ ಕೈಗೆ ಸಿಕ್ಕ ಉಳಿ ತಂದು, ಹಲಗೇಲಿ ಗೀರು ಕೆತ್ತಿದಳಂತೆ. ಸಂಜೆ ಹೊತ್ತಿಗೆ ಇಲಿ ಆನೇನ ಎತ್ತೇಬಿಟ್ಟಿತಂತೆ. ಅಪ್ಪಾ, ನೀನು ಬಾ ಅಂತ ಒಂದು ಉದ್ದನೆ ತೊಲೆ ತುದೀಲಿ ಅವನನ್ನೇ ಕೂರಿಸಿ ಎತ್ತಿದಳಂತೆ. ಇಳಿಸೇ ತಾಯಿ ಅಂತ ಕೂಗಿದನಂತೆ ಪಾಳೇಗಾರ.

ಏನು ಬೇಕು ಕೇಳು ಅಂದದ್ದಕ್ಕೆ ಮುದ್ದಕ್ಕ, ನನ್ನ ಉಳಿ ಅಂದಳಂತೆ. ಕೊಟ್ಟರು. ನೋಡಿದರೆ, ಕೆಂಚಾಜಿ ಹಲಗೆ ಕೆತ್ತಿ ಅಲಗು ಮುಕ್ಕಾಗಿದೆ. ಮುದ್ದಕ್ಕ ಸೆರಗಲ್ಲಿ ಸುತ್ಕೊಂಡು ಹೊರಟುಬಿಟ್ಟಳಂತೆ.

ಅಷ್ಟೇನಾ ಅಜ್ಜಿ? ಕೂಲಿ ಏನೂ ಕೊಡಲಿಲ್ವಾ?

ಕೊಟ್ಟರು ಕಣೇ. ಬೆಳಗಾಗೋದೇ ತಡ ಕೆಂಚಾಜಿ ಒಬ್ಬಳೇ ಬಂದು, ಮುದ್ದಕ್ಕನ ಸಾಣೆಕಲ್ಲಿನ ಮುಂದೆ ಕೂತು, ಉಳಿ ಕೊಡು ಅಂತ ಕೈ ಚಾಚಿದಳಂತೆ. ಬೇರೆಯವರು ಮುಟ್ಟಬಾರದು ಅನ್ನೋದಕ್ಕೆ ಬಾಯಿ ತೆಗೆದ ಮುದ್ದಕ್ಕ ಉಳೀನ ಅವಳ ಕೈಗಿಟ್ಟು, ಕಲ್ಲಿಗೆ ನೀರು ಚಿಮುಕಿಸಿದಳಂತೆ. ಒಂದು ಗಳಿಗೆ ಕೂರದ ಹುಡುಗಿ ಮೂರು ದಿನ ಕೂತು, ಮುಕ್ಕು ಹೋಗೋವರೆಗೂ ಮಸೆದಳಂತೆ. ಅದೇ ಕೂಲಿ. ಕತೇನೂ ಅಲ್ಲಿಗೆ ಮುಗೀತು, ಕಣ್ಣು ಮುಚ್ಚು.