ಸೊಟ್ಟಗೈ ಬೊಮ್ಮನೂ ವಿಷದ ಕೀಲಿಕೈಯೂ

ಕತೆ ಹೇಳುವುದು ನನಗೆ ಹೊಸದು, ಕೆಟ್ಟದಾಗಿ ಹೇಳಿದರೆ ಮನ್ನಿಸಬೇಕು. ಇಲ್ಲಿ ಬರುವ ಕೋಟೆ ಎಂದರೆ ನಮ್ಮ ಮೈ, ಮನೆಗಳೆಂದರೆ ಜೀವಕೋಶಗಳು. ಆಮೇಲೆ ಗೊಂದಲವಾಗಬಾರದೆಂದು ಮೊದಲೇ ಹೇಳಿಬಿಟ್ಟೆ.

ಆ ಕೋಟೆಯ ದೊರೆ ಮಜ್ಜರಾಯ ಡಂಗುರ ಸಾರಿಸಿದ: "ಊರೊಳಗೆ ಯಾರೋ ನುಗ್ಗಿದ್ದಾರೆ. ಬೀಗ ಮುರಿದಿಲ್ಲ, ಆದರೂ ಮನೆಮಂದಿ ಸಾಯುತ್ತಿದ್ದಾರೆ. ಕಾವಲಿಗೆ ಸೇರುವವರು ಮೂರು ಒಗಟು ಬಿಡಿಸಬೇಕು. ತಪ್ಪಿದರೆ ತಲೆ ಹೋಗುತ್ತದೆ!"

ಅಂದಿನಿಂದ ಪಕ್ಕದ ಮನೆಯವರು ನೀರು ಕೊಟ್ಟರೂ ಜನ ಮೂಸಿ ನೋಡಿ ಕುಡಿಯತೊಡಗಿದರು.

ಮೊದಲು ಬಂದವನು ರಣಧವಳ. ದೊರೆ ಕೇಳಿದ: "ಒಡೆಯ ಮನೆಯ ಹೊರಗೇ ಕೂತಿರುತ್ತಾನೆ. ಅವನ ಆಳು ಒಳಹೊಕ್ಕು ಕೊಲ್ಲುತ್ತಾನೆ. ಆ ಆಳು ಯಾರು?"

"ನಿಮ್ಮ ಅಡುಗೆಯವನೇ! ಅವನ ನೋಟವೇ ಸರಿಯಿಲ್ಲ" ಎಂದು ರಣಧವಳ ಅಡುಗೆಯವನ ಕುತ್ತಿಗೆ ಹಿಡಿದ. ಅಡುಗೆಯವನು ಕೋಟೆಯಲ್ಲೇ ಹುಟ್ಟಿದವನು. ರಣಧವಳನ ತಲೆ ಹೋಯಿತು. ನಮ್ಮ ಮೈಯೂ ಹಾಗೆಯೇ, ತನ್ನವರನ್ನೇ ಹಿಡಿಯುವ ಕಾವಲುಗಾರರನ್ನು ಬಹುಮಟ್ಟಿಗೆ ಮೊದಲೇ ಕೊಂದುಬಿಡುತ್ತದೆ.

ಎರಡನೆಯವನು ಚಂಡಸೇನ. ಅದೇ ಒಗಟಿಗೆ "ಯಾರೂ ಇಲ್ಲ, ಎಲ್ಲ ನಿಮ್ಮ ಅನುಮಾನ" ಎಂದ. ಅವನ ತಲೆಯೂ ಹೋಯಿತು.

ಆಮೇಲೆ ಬುಟ್ಟಿ ಹೆಣೆಯುವ ಬೊಮ್ಮ ಬಂದ. ಹುಟ್ಟಿನಿಂದಲೇ ಅವನ ಬಲಗೈ ಸೊಟ್ಟ.

"ನಿನಗೂ ಸಾಯುವ ಆಸೆಯೇನೋ?" ಎಂದು ದೊರೆ ಅವನಿಗೂ ಅದೇ ಒಗಟು ಹಾಕಿದ.

"ಬದುಕೋ ಆಸೆಗೇ ಬಂದೆ, ಬುದ್ಧಿ. ಪಕ್ಕದ ಮನೆಯವರು ಸತ್ತರು. ನಾಳೆ ನಮ್ಮ ಮನೆ. ಆ ಆಳು ವಿಷ, ಬುದ್ಧಿ. ರೋಗಾಣು ಹೊರಗೇ ಇರುತ್ತೆ, ಅದು ಉಗುಳಿದ ವಿಷ ಒಳಗೆ ಹೋಗುತ್ತೆ."

ದೊರೆ ಕಣ್ಣು ಕಿರಿದು ಮಾಡಿದ. "ಅವನು ನಮ್ಮವರ ವೇಷದಲ್ಲಿದ್ದರೆ, ಕಣ್ಣಿಲ್ಲದೆ ಹೇಗೆ ಗುರುತಿಸುತ್ತೀ?"

"ಮುಟ್ಟಿ ನೋಡ್ತೀನಿ, ಬುದ್ಧಿ. ಬೀಗ ಮುರಿದಿಲ್ಲ ಅಂದರೆ ಅವನ ಹತ್ತಿರ ಕೀಲಿಕೈ ಇರಲೇಬೇಕು. ಅದರ ಏರುತಗ್ಗು ನನ್ನ ಸೊಟ್ಟಗೈಗೆ ಕೂಡಿದರೆ ಅವನೇ."

"ಕೂಡದಿದ್ದರೆ?"

"ಬಿಟ್ಟುಬಿಡ್ತೀನಿ. ಬೇರೆ ಆಕಾರದ ಕೈಯವರು ಹಿಡೀಲಿ."

"ಕೊಲ್ಲದೆ ಅವನನ್ನು ಹೇಗೆ ತಡೆಯುತ್ತೀ?"

"ಕೀಲಿಕೈಯನ್ನೇ ಬಿಗಿಯಾಗಿ ಹಿಡಿದರೆ ಬೀಗ ಹೇಗೆ ತೆಗೀತಾನೆ, ಬುದ್ಧಿ?"

ದೊರೆಗೆ ಆಗಲೂ ನಂಬಿಕೆ ಬರಲಿಲ್ಲ. ಬೊಮ್ಮನ ಕಣ್ಣು ಕಟ್ಟಿಸಿ, ಕತ್ತಿಯವನನ್ನು ಪಕ್ಕದಲ್ಲಿ ನಿಲ್ಲಿಸಿದ. ಸಭೆಯವರು ಒಬ್ಬೊಬ್ಬರಾಗಿ ಮುಂದೆ ಬಂದರು. ಅಡುಗೆಯವನ ಮೇಲಿಂದ ಕೈ ಜಾರಿತು. ರಾಣಿಯ ಬೆರಳಿನಿಂದಲೂ ಜಾರಿತು. ಹೊಸ ಮಂತ್ರಿಯ ಅಂಗಿಯ ತೋಳಿನೊಳಗೆ ಹೋದ ಕೈ ಗಕ್ಕನೆ ಕಚ್ಚಿಕೊಂಡಿತು.

"ಬಿಡೋ ಸೊಟ್ಟಗೈಯವನೇ!" ಎಂದು ಮಂತ್ರಿ ಅರಚಿದ. ಬೊಮ್ಮ ಬಿಡಲಿಲ್ಲ. ತೋಳು ಸರಿಸಿದರೆ ಒಳಗೆ ಕೀಲಿಕೈ!

ಇಂಥ ಕತೆಗಳಲ್ಲಿ ರಾಜಕುಮಾರಿಯನ್ನು ಕೊಡುವುದು ವಾಡಿಕೆ. ಮಜ್ಜರಾಯ ಅಂಥದೇ ಸೊಟ್ಟಗೈಯ ಸಾವಿರಾರು ತಮ್ಮಂದಿರನ್ನು ಬೊಮ್ಮನಿಗೆ ಕೊಟ್ಟ. ಬೀಗ ತೆಗೆಯಲಾರದ, ಬರೀ ಆಕಾರವಿರುವ ಕೀಲಿಕೈ ಕೊಟ್ಟು ಅವರನ್ನು ಪಳಗಿಸಿದ. ಈ ಸೊಟ್ಟಗೈಯವರೆಂದರೆ ಮೈಯ ಪ್ರತಿಕಾಯಗಳು, ಕೆಲವು ಲಸಿಕೆಗಳು ಮಾಡುವುದೂ ಇದನ್ನೇ. ಹೇಗೆಂದರೆ, ವಿಷದ ಕೆಡುಕನ್ನು ಮೊದಲು ತೆಗೆದು, ಆಮೇಲೆ ಅದರ ಆಕಾರವನ್ನು... ಇರಿ, ನರ್ಸಮ್ಮ ನಮ್ಮ ಪಾಪುವಿನ ಹೆಸರು ಕೂಗುತ್ತಿದ್ದಾರೆ.